ಊರೆಲ್ಲ ಎಡಕ್ಕೆ ವಾಲಿದ ಕಾಲ

"ಆ ಮಹಡಿ ಮನೆ ಚಿಕ್ಕಮ್ಮ ಇದ್ದಾಳಲ್ಲ, ಅವಳ ಎದುರಿಗೆ ನಡೆಯೋಕೆ ಮಾತ್ರ ಹೋಗಬೇಡಿ. ನಿಂತು ಮಾತಾಡಿ, ಕೂತು ಮಾತಾಡಿ. ನಡೆದ್ರೋ, ಸಿಕ್ಕಿಬಿದ್ರಿ."

ಬೀದಿಯವರು ಹೀಗೆ ಹೇಳುತ್ತಿದ್ದರು. ಅವಳು ನನಗೆ ಚಿಕ್ಕಮ್ಮ, ನನ್ನ ಅಮ್ಮನ ಒಬ್ಬಳೇ ತಂಗಿ. ನಾನು ಕೂಗಿದ್ದು ಕೇಳಿ ಕೇಳಿ ಬೀದಿಗೆಲ್ಲ ಅವಳು ಚಿಕ್ಕಮ್ಮನೇ ಆಗಿಹೋಗಿದ್ದಳು. ವಯಸ್ಸಿನಲ್ಲಿ ಅವಳ ತಾಯಿಯಂತಿದ್ದ ಕೆಳಗಿನ ಮನೆಯ ಅಜ್ಜಿ ಕೂಡ "ಚಿಕ್ಕಮ್ಮಾ, ಒಂಚೂರು ಬಂದು ಹೋಗೇ" ಎಂದೇ ಕರೆಯುತ್ತಿದ್ದಳು. ಅತ್ಯಂತ ದೊಡ್ಡ ದೂರು ಕೂಡ ಆ ಅಜ್ಜಿಯದೇ.

"ಇವಳ ಕಣ್ಣು ಮನುಷ್ಯರ ಸೊಂಟದಿಂದ ಮೇಲಕ್ಕೆ ಹತ್ತಿದ್ದೇ ಇಲ್ಲ ಕಣ್ರೀ. ನಾನು ಹೊಸ ಕನ್ನಡಕ ಹಾಕಿ ಎಷ್ಟು ದಿನ ಆಯ್ತು, ಗಮನಿಸಿಲ್ಲ. ಚಪ್ಪಲಿ ಬದಲಾಯಿಸಿದ ದಿನವೇ, ಅಜ್ಜೀ, ಹಳೇದೇ ವಾಸಿ ಇತ್ತು, ಅಂದ್ಲು."

ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಿಟಕಿಯ ಬಳಿ ಚಹಾದ ಲೋಟ ಹಿಡಿದು ನಿಂತರೆ ಚಿಕ್ಕಮ್ಮನಿಗೆ ಬೀದಿಯೇ ದಿನಪತ್ರಿಕೆ. "ಹಾಲಿನವನು ಇವತ್ತು ಹೆಂಡತಿ ಜೊತೆ ಜಗಳ ಆಡಿ ಬಂದಿದಾನೆ, ಹಿಮ್ಮಡಿ ನೆಲಕ್ಕೆ ಹೇಗೆ ಕುಟ್ತಿದಾನೆ ನೋಡು" ಅನ್ನುತ್ತಿದ್ದಳು. ಸಂಜೆ ಹೊತ್ತಿಗೆ ಆ ಜಗಳದ ಸುದ್ದಿ ಅಜ್ಜಿಯ ಬಾಯಿಂದ ಮೆಟ್ಟಿಲು ಹತ್ತಿ ಬರುತ್ತಿತ್ತು. ಬೀದಿಯವರು ಅವಳನ್ನು ಕಂಡರೆ ನಡಿಗೆ ನಿಧಾನಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ಮನೆ ಈಗಲೂ ಕಣ್ಣ ಮುಂದೆ ಇದೆ. ಎರಡು ಗೋಡೆಗಳ ನಡುವೆ ಇಕ್ಕಟ್ಟಾದ ಮರದ ಮೆಟ್ಟಿಲು, ಹತ್ತಿ ಬಂದರೆ ಉದ್ದನೆಯ ಒಂದು ಕೋಣೆ, ಅದರಾಚೆ ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವ ಪುಟ್ಟ ಬಾಲ್ಕನಿ. ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಯಂತ್ರ. ಅಮ್ಮ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅಪ್ಪ ಲಾರಿ ಓಡಿಸುತ್ತಿದ್ದ. ಬಂದಾಗ ನೆಂಟ, ಹೋದಾಗ ಸುದ್ದಿ. ಹೀಗಾಗಿ ಮನೆ ಅಂದರೆ ಅಮ್ಮ, ಅವಳ ತಂಗಿ, ನಡುವೆ ನಾನು.

ಅಮ್ಮ ಮೆಟ್ಟಿಲು ಹತ್ತುವ ಸದ್ದು ಬೇರೆಯೇ ಇತ್ತು. ದಪ್, ಟುಕ್. ದಪ್, ಟುಕ್. ಒಂದು ಭಾರದ ಹೆಜ್ಜೆ, ಒಂದು ಹಗುರದ್ದು. ಆ ಸದ್ದು ಕೇಳಿದೊಡನೆ ನಾನು ಪುಸ್ತಕ ತೆರೆಯುತ್ತಿದ್ದೆ, ಚಿಕ್ಕಮ್ಮ ಒಲೆ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಅದು ಅಮ್ಮನ ಸದ್ದು, ಅಷ್ಟೇ. ಎಲ್ಲರ ನಡಿಗೆಯನ್ನೂ ತೂಗಿ ಅಳೆಯುತ್ತಿದ್ದ ಚಿಕ್ಕಮ್ಮನಿಗೂ ಅದು ಅಕ್ಕನ ಸದ್ದು, ಅಷ್ಟೇ.

ಯಾಕೆ ಅಂದರೆ, ಅವಳು ಬೆಳೆದದ್ದೇ ಅಕ್ಕನ ಸೊಂಟದ ಮೇಲೆ. ಅವರ ತಾಯಿ ಬಟ್ಟೆ ಗಿರಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದಳು. ಹೋಗುವಾಗ ಕೂಸನ್ನು ದೊಡ್ಡ ಮಗಳ ಎಡ ಸೊಂಟಕ್ಕೆ ಏರಿಸಿದರೆ, ಬಂದ ಮೇಲೇ ಇಳಿಸುವುದು. ಅಮ್ಮ ಕೂಸನ್ನು ಹೊತ್ತುಕೊಂಡೇ ನೀರು ಹಿಡಿದಳು, ಕಸ ಗುಡಿಸಿದಳು, ಬೀದಿಯಲ್ಲಿ ಕುಂಟಾಬಿಲ್ಲೆಯನ್ನೂ ಆಡಿದಳು. ನಡೆಯಲು ಕಲಿತ ಮೇಲೂ ಚಿಕ್ಕಮ್ಮ ಇಳಿಯಲಿಲ್ಲವಂತೆ. "ನೆಲದಲ್ಲಿ ಏನಿತ್ತು ಇಳಿಯೋಕೆ? ಮೇಲಿಂದ ಎಲ್ಲಾ ಚೆನ್ನಾಗಿ ಕಾಣ್ತಿತ್ತು" ಅನ್ನುತ್ತಿದ್ದಳು.

ಗಣಿತದಲ್ಲಿ ಪದವಿ ಮುಗಿಸಿ, ಸಿಕ್ಕ ಕೆಲಸ ಬಿಡಬಾರದು ಅಂತ ಅವಳು ಸೇರಿದ್ದು ಆಸ್ಪತ್ರೆಯ ಕೃತಕ ಕಾಲಿನ ವಿಭಾಗವನ್ನು. ಮೊದಮೊದಲು ಮೊಂಡುಗಾಲಿನ ಅಚ್ಚು ತೆಗೆಯಲು ಪ್ಲಾಸ್ಟರ್ ಕಲಸುತ್ತಿದ್ದಳು. ಮನೆಗೆ ಬಂದಾಗ ಹುಬ್ಬೆಲ್ಲ ಬೆಳ್ಳಗೆ. ಆಮೇಲೆ ಅಲ್ಲಿ ನಡಿಗೆ ಕೋಣೆ ಅಂತ ಒಂದು ತೆರೆದರು. ಉದ್ದನೆಯ ಹಜಾರ, ನಡುವೆ ನೆಲದ ಮೇಲೆ ಬಿಳಿ ಪಟ್ಟಿ, ಗೋಡೆಯ ಸುತ್ತ ಎತ್ತರದಲ್ಲಿ ಕೆಂಪು ಕಣ್ಣಿನ ಕ್ಯಾಮೆರಾಗಳು. ಬಂದವರ ಸೊಂಟ, ಮೊಣಕಾಲು, ಹಿಮ್ಮಡಿಗೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಿ ಪಟ್ಟಿಯ ಮೇಲೆ ನಡೆಸುವುದು. ಪರದೆಯ ಮೇಲೆ ಮನುಷ್ಯ ಕಾಣುವುದಿಲ್ಲ, ಗುಂಡುಗಳು ಮಾತ್ರ ನಡೆದು ಹೋಗುತ್ತವೆ, ಕತ್ತಲಲ್ಲಿ ಮಿಂಚುಹುಳು ಸಾಲಾಗಿ ಹೊರಟ ಹಾಗೆ. ಗುಂಡು ಎಲ್ಲಿದೆ ಅಂತ ಸಾಫ್ಟ್‌ವೇರ್ ಹೇಳುತ್ತದೆ. ಮೊಣಕಾಲು ಎಷ್ಟು ಮಡಿಚಿತು, ಸೊಂಟ ಎಷ್ಟು ವಾಲಿತು ಅನ್ನುವುದನ್ನು ಅದು ತಾನಾಗಿ ಹೇಳುವುದಿಲ್ಲ. ಅದಕ್ಕೆ ಯಾರಾದರೂ ಕೂತು ಸೂತ್ರ ಬರೆದು ಕೊಡಬೇಕು. ಆ ಯಾರಾದರೂ ನಮ್ಮ ಚಿಕ್ಕಮ್ಮ.

ಒಂದು ದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ ನನಗೆ ಹೇಳಿಕೊಟ್ಟಳು. "ಈ ಹಗ್ಗ ನೋಡು. ಎಡಗಡೆ ಮೊಳೆ ನೆಲದಿಂದ ಎಷ್ಟು ಎತ್ತರ? ಅದರಿಂದ ಬಲಗಡೆ ಮೊಳೆ ಎತ್ತರ ಕಳಿ. ಬಂದಿದ್ದನ್ನ ಹಗ್ಗದ ಉದ್ದದಿಂದ ಭಾಗಿಸು. ಅದನ್ನ ಕೋನಕ್ಕೆ ತಿರುಗಿಸು. ಹಗ್ಗ ಎಷ್ಟು ವಾಲಿದೆ ಅಂತ ಸಿಕ್ತಾ? ಸೊಂಟದ್ದೂ ಅಷ್ಟೇ. ಆ ಕಡೆ ಒಂದು ಮೂಳೆ, ಈ ಕಡೆ ಒಂದು ಮೂಳೆ, ಮಧ್ಯೆ ಹಗ್ಗ."

"ಇಷ್ಟಕ್ಕೆ ಸಂಬಳ ಕೊಡ್ತಾರಾ ಚಿಕ್ಕಮ್ಮ?"

"ಇದಕ್ಕಲ್ಲ, ಬ್ರ್ಯಾಕೆಟ್ ಮುಚ್ಚೋದಕ್ಕೆ ಕೊಡ್ತಾರೆ."

ತೆರೆದ ಬ್ರ್ಯಾಕೆಟ್ಟು ಒಂದು ಮುಚ್ಚದೆ ಉಳಿದರೂ ಸೂತ್ರವೆಲ್ಲ ಕೆಂಪಗಾಗಿ ಮುಷ್ಕರ ಹೂಡುತ್ತಿತ್ತಂತೆ. ಆ ಭಯ ಮನೆಗೂ ಬಂತು. ನಾನು ಡಬ್ಬಿ ಮುಚ್ಚದಿದ್ದರೆ, ಬಾಗಿಲು ಹಾಕದಿದ್ದರೆ, ಅಜ್ಜಿ ಕತೆಯ ನಡುವೆ ಇನ್ನೊಂದು ಕತೆಗೆ ಹೊರಳಿದರೆ, ಒಂದೇ ಮಾತು: "ಬ್ರ್ಯಾಕೆಟ್ ಮುಚ್ಚು."

ಶುರುವಿನಲ್ಲಿ ಅವಳೂ ಎಡವಿದಳು. ಸಾಫ್ಟ್‌ವೇರ್ ಕೋನವನ್ನು ಡಿಗ್ರಿಯಲ್ಲಿ ಕೊಡದೆ ತನ್ನದೇ ಬೇರೊಂದು ಅಳತೆಯಲ್ಲಿ ಕೊಡುತ್ತಿತ್ತು. ಅದನ್ನು ಡಿಗ್ರಿಗೆ ತಿರುಗಿಸಲು ಮರೆತಳು. ಮೂಳೆ ಡಾಕ್ಟರು ಬಂದು ಪರದೆ ನೋಡಿದರು. ದಪ್ಪ ಮೀಸೆ, ಮೆಲ್ಲನೆಯ ಮಾತಿನ ಮನುಷ್ಯ.

"ಏನ್ರೀ, ಈ ಮನುಷ್ಯನ ಮೊಣಕಾಲು ಒಂದು ಡಿಗ್ರಿ ಮಡಿಚಿದೆ. ಮೊಣಕಾಲು ಮನೇಲಿ ಬಿಟ್ಟು ಬಂದಿದ್ನಾ?"

ಅದು ಸಂಜೆಯೊಳಗೆ ಸರಿಹೋಯಿತು. ನಾನು ಹೇಳಬೇಕಾದ್ದು ಸರಿಹೋಗದೆ ಉಳಿದ ಇನ್ನೊಂದರ ಕತೆ.

ಸೊಂಟದ ಸೂತ್ರ ಬರೆದ ದಿನ ಪರೀಕ್ಷೆಗೆ ಒಂದು ನಡಿಗೆ ಬೇಕಿತ್ತು. ಅದೇ ಹೊತ್ತಿಗೆ, ಚಿಕ್ಕಮ್ಮ ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದು ಅಮ್ಮ ಬಂದಳು. ನಾನೂ ಜೊತೆಗಿದ್ದೆ.

"ಅಕ್ಕಾ, ಒಂದು ಸಲ ನಡೆದು ಹೋಗೇ."

"ಬರೀ ನಡೆಯೋದಾ? ಅದಕ್ಕೆ ಇಷ್ಟು ದೀಪ ಯಾಕೆ? ಈ ಗುಂಡು ಏನು ಹೀಗೆ ಅಂಟಿಸ್ತೀಯ, ನನ್ನ ಕೇಳಿದ್ರೆ ನೆಟ್ಟಗೆ ಗುಂಡಿ ಹಾಗೆ ಹೊಲಿದು ಕೊಡ್ತಿದ್ದೆ."

ಅಮ್ಮ ನಡೆದಳು. ಫೋಟೋ ತೆಗೆಸಿಕೊಳ್ಳುವವರ ಹಾಗೆ ಉಸಿರು ಬಿಗಿಹಿಡಿದು, ಗದ್ದ ಎತ್ತಿ. ಪರದೆಯ ಮೇಲೆ ಗೆರೆ ಮೂಡಿತು. ಅದು ಸೊನ್ನೆಯ ಮೇಲೆ ಕೂರುವ ಬದಲು ಕೊಂಚ ಮೇಲೆ, ಪಕ್ಕದಲ್ಲೇ, ಹಟ ಹಿಡಿದು ಓಡಿತು. ಎಡ ಸೊಂಟ ಎತ್ತರ ಅಂತ ಅದರ ಅರ್ಥ.

ಚಿಕ್ಕಮ್ಮ ಸೂತ್ರವನ್ನು ಮತ್ತೆ ಓದಿದಳು. ಗುಂಡುಗಳ ಹೆಸರು ಸರಿ. ಎಡದಿಂದ ಬಲ ಕಳೆದದ್ದು ಸರಿ. ಬ್ರ್ಯಾಕೆಟ್ಟೆಲ್ಲ ಮುಚ್ಚಿವೆ. ಹಾಗಾದರೆ ನೆಲವೇ ಸರಿಯಿಲ್ಲ. ಕ್ಯಾಮೆರಾ ಕೂರಿಸಿದವರು ಆತುರದಲ್ಲಿ ಮಟ್ಟ ತಪ್ಪಿಸಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇದೆಯಲ್ಲ, ಚಿಕ್ಕಮ್ಮ ಅಂದದ್ದೂ ಅದನ್ನೇ. ಆದರೆ ತನ್ನ ಕುಣಿತ ಕಾಯಲು ಅಲ್ಲ. ಸೂತ್ರದ ಬಾಲಕ್ಕೆ ಒಂದು ಮೈನಸ್ ಹಾಕಿ, ಗೆರೆ ಎಷ್ಟು ಮೇಲಿತ್ತೋ ಅಷ್ಟು ಪುಟ್ಟ ಅಂಕಿಯನ್ನು ಸೇರಿಸಿದಳು. ಗೆರೆ ಇಳಿದು ಸೊನ್ನೆಯ ಮೇಲೆ ನೂಲು ಹಿಡಿದ ಹಾಗೆ ಕೂತಿತು.

ಇನ್ನೊಬ್ಬರನ್ನು ನಡೆಸಿ ನೋಡಬಹುದಿತ್ತು. ನೋಡಲಿಲ್ಲ. ಅಕ್ಕ ನಡೆದ ಮೇಲೆ ಇನ್ಯಾರ ಸಾಕ್ಷಿ ಬೇಕು?

ಅಂದಿನಿಂದ ನಮ್ಮ ಊರು ಎಡಕ್ಕೆ ವಾಲಿತು. ಬಂದವರಲ್ಲಿ ಹೆಚ್ಚಿನವರ ಎಡ ಸೊಂಟ ಒಂಚೂರು ತಗ್ಗು. ಡಾಕ್ಟರಿಗೂ ಸೋಜಿಗ. "ಎಲ್ಲರೂ ಎಡಗೈಯಲ್ಲೇ ಚೀಲ ಹಿಡೀತಾರೆ ಅಂತ ಕಾಣುತ್ತೆ" ಅಂದರು. ಹೊಸ ಕೃತಕ ಕಾಲು ಕೂರಿಸುವ ಮೊದಲು, ಕೂರಿಸಿದ ಮೇಲೆ ಎಷ್ಟು ಬದಲಾಯಿತು ಅನ್ನುವುದನ್ನೇ ಅವರು ನೋಡುತ್ತಿದ್ದದ್ದು. ಎರಡರಲ್ಲೂ ಒಂದೇ ಅಂಕಿ ಕಳೆದಿದ್ದರಿಂದ ಬದಲಾವಣೆ ಸರಿಯಾಗಿಯೇ ಬರುತ್ತಿತ್ತು, ಯಾರಿಗೂ ಕೆಡುಕಾಗಲಿಲ್ಲ. ಕೆಳಗಿನ ಮನೆಯ ಅಜ್ಜಿ ಒಮ್ಮೆ ಆಸೆಪಟ್ಟು ಹೋಗಿ ನಡೆದು ಬಂದಳು. ಎಡಕ್ಕೆ ವಾಲ್ತೀರಿ ಅಂದಿದ್ದೇ ತಡ, ಅಂದಿನಿಂದ ಹಟ ಹಿಡಿದು ಬಲಕ್ಕೆ ವಾಲಿಕೊಂಡು ನಡೆಯತೊಡಗಿದಳು.

ವರ್ಷಗಳು ಹೋದವು. ಅಮ್ಮನಿಗೆ ಸೊಂಟ ನೋವು ಶುರುವಾಯಿತು. ಮೊದಲು ಹೊಲಿಗೆ ಯಂತ್ರದ ಪೆಡಲು ತುಳಿಯುವಾಗ, ಆಮೇಲೆ ಮೆಟ್ಟಿಲಲ್ಲಿ, ಆಮೇಲೆ ಸುಮ್ಮನೆ ನಿಂತರೂ. ದಪ್ ಮತ್ತು ಟುಕ್ ನಡುವೆ ಬಿಡುವು ಬೆಳೆಯಿತು. ಚಿಕ್ಕಮ್ಮ ತಾನೇ ಮುಂದೆ ನಿಂತು ಡಾಕ್ಟರ ಬಳಿ ಕರೆದೊಯ್ದಳು. ಅವರು ಎಕ್ಸ್‌ರೇ ನೋಡಿ, ಸ್ವಲ್ಪ ಸವೆತ ಇದೆ, ಈ ವಯಸ್ಸಿಗೆ ಇದ್ದದ್ದೇ ಅಂದರು. ನಡಿಗೆ ನೋಡೋಣ ಅಂದರು. ಅಮ್ಮ ಮತ್ತೆ ಉಸಿರು ಬಿಗಿಹಿಡಿದು ಬಿಳಿ ಪಟ್ಟಿಯ ಮೇಲೆ ನಡೆದಳು. ಗೆರೆ ಬಹುಮಟ್ಟಿಗೆ ಸೊನ್ನೆಯ ಮೇಲೇ ಹೋಯಿತು.

"ನಿಮ್ಮ ಅಕ್ಕನ ಸೊಂಟದಷ್ಟು ಮಟ್ಟವಾದದ್ದು ಈ ಕೋಣೆಯಲ್ಲಿ ನಾನು ನೋಡೇ ಇಲ್ಲ" ಅಂದರು ಡಾಕ್ಟರು. "ಇಷ್ಟು ಚೆನ್ನಾಗಿ ನಡೆಯೋರಿಗೆ ಚಾಕು ಯಾಕೆ? ಮಾತ್ರೆ ತಗೊಳ್ಳಿ, ಮೆಟ್ಟಿಲು ಕಮ್ಮಿ ಮಾಡಿ."

ಚಿಕ್ಕಮ್ಮನಿಗೆ ಸಮಾಧಾನ. ಅಮ್ಮನಿಗೆ ಅವಮಾನ. ಮನೆಯಲ್ಲಿ ನೋವಿಗೆ ಇನ್ನು ಯಾವ ಬೆಲೆ? "ಅಕ್ಕ, ಏನೂ ಇಲ್ಲ ಕಣೇ, ಗೆರೆ ನೇರ ಇದೆ" ಅಂತ ಚಿಕ್ಕಮ್ಮ ಧೈರ್ಯ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಮೆಟ್ಟಿಲ ನಡುವೆ ಕೂತುಬಿಟ್ಟಳು. ತರಕಾರಿ ಚೀಲ ಪಕ್ಕದಲ್ಲಿ ಉರುಳಿತ್ತು. ಮೇಲಿಂದ ಚಿಕ್ಕಮ್ಮ, ಕೆಳಗಿಂದ ಅಜ್ಜಿ ಓಡಿ ಬಂದರು.

"ಕೈ ಕೊಡು ಅಕ್ಕ."

"ಯಾಕೆ? ನನಗೇನೂ ಆಗಿಲ್ವಲ್ಲ. ನಿನ್ನ ಯಂತ್ರ ಸುಳ್ಳು ಹೇಳಲ್ಲ. ಸುಳ್ಳಿ ನಾನೇ."

ಚಿಕ್ಕಮ್ಮ ಅಂದು ಊಟ ಮಾಡಲಿಲ್ಲ. ಅಮ್ಮ ಎಂದೂ ಅವಳಿಗೆ ಹಾಗೆ ಮಾತಾಡಿದವಳಲ್ಲ.

ಮರುದಿನ ಭಾನುವಾರ. ಅಮ್ಮನಿಗೆ ಯಂತ್ರದ ಮುಂದೆ ಕೂರಲೂ ಆಗುತ್ತಿರಲಿಲ್ಲ. ಕತ್ತರಿಸಿಟ್ಟ ತನ್ನ ಹೊಸ ಲಂಗವನ್ನು ತಂಗಿಯ ಮಡಿಲಿಗೆ ಹಾಕಿದಳು. ಕೋಪ ಇನ್ನೂ ಇಳಿದಿರಲಿಲ್ಲ. ಆದರೆ ಅರ್ಧ ಹೊಲಿದ ಬಟ್ಟೆ ನೋಡಿಕೊಂಡು ಕೂರುವುದು ಅವಳಿಂದಾಗದ ಕೆಲಸ.

"ಅಂಚು ಮಡಿಚಿ ಹೊಲಿ. ಬಲಗಡೆ ಒಂದು ಬೆರಳು ಹೆಚ್ಚು ಮಡಿಚು."

"ಬಲಗಡೆ ಯಾಕೆ ಹೆಚ್ಚು?"

"ಯಾಕೆ ಅಂದ್ರೆ? ಇಲ್ಲದಿದ್ರೆ ಬಲಗಡೆ ನೆಲ ಗುಡಿಸುತ್ತೆ. ನನ್ನ ಲಂಗ ಎಲ್ಲಾ ಹಾಗೇ. ಹುಡುಗಿ ಆಗಿದ್ದಾಗಿಂದ ಹಾಗೇ ಹೊಲಿಯೋದು."

ಚಿಕ್ಕಮ್ಮನ ಕೈಯಲ್ಲಿ ಸೂಜಿ ನಿಂತಿತು. ಎದ್ದು ಬೀರು ತೆರೆದಳು. ಅಮ್ಮನ ಲಂಗಗಳನ್ನೆಲ್ಲ ತೆಗೆದು ಬಾಲ್ಕನಿಯ ಹಗ್ಗಕ್ಕೆ ಒಂದರ ಪಕ್ಕ ಒಂದು, ಮುಂಭಾಗ ತನ್ನ ಕಡೆ ಬರುವಂತೆ ಹಾಕಿದಳು. ಹಳೆಯದು, ಹೊಸದು, ಬಣ್ಣ ಹೋದದ್ದು, ಮನೆಯಲ್ಲಿ ಉಡುವುದು, ಹೊರಗೆ ಉಡುವುದು. ಹಗ್ಗ ಮಟ್ಟವಾಗಿತ್ತು. ಕೆಳಗೆ ಅಂಚುಗಳೆಲ್ಲ ಒಂದೇ ಕಡೆಗೆ ಏರಿದ್ದವು. ಗಾಳಿಗೆ ಎಲ್ಲ ಒಟ್ಟಿಗೆ ಅಲುಗಾಡಿದವು.

ಅವಳು ಅಲ್ಲೇ, ಒದ್ದೆ ನೆಲದ ಮೇಲೆ, ಕೂತಳು. ನಾನು "ಏನಾಯ್ತು ಚಿಕ್ಕಮ್ಮ" ಅಂದೆ.

"ಬ್ರ್ಯಾಕೆಟ್ ಎಲ್ಲಾ ಮುಚ್ಚಿದ್ದೆ ಕಣೇ" ಅಂದಳು. "ಬಾಲದಲ್ಲಿ ತಪ್ಪಿದೆ."

ಸೋಮವಾರ ಬಾಗಿಲು ತೆರೆಯುವ ಮೊದಲೇ ಆಸ್ಪತ್ರೆಯಲ್ಲಿದ್ದಳು. ಸೂತ್ರ ತೆರೆದಳು. ಆ ಮೈನಸ್ಸು, ಆ ಪುಟ್ಟ ಅಂಕಿ, ಇಟ್ಟಲ್ಲೇ ಕಾದು ಕೂತಿತ್ತು. ಅಳಿಸಿದಳು. ಅಮ್ಮನ ಹಳೆಯ ನಡಿಗೆಯನ್ನೂ ಹೊಸದನ್ನೂ ಮತ್ತೆ ಓಡಿಸಿದಳು. ಹಳೆಯದರಲ್ಲಿ ಗೆರೆ ಸೊನ್ನೆ ಬಿಟ್ಟು ಎದ್ದಿತು. ಹೊಸದರಲ್ಲಿ ಇನ್ನೂ ಮೇಲೆ. ಡಾಕ್ಟರು ಬಂದಾಗ ಎದ್ದು ನಿಂತೇ ಹೇಳಿದಳು. ಕೆಲಸ ಹೋದರೂ ಹೋಗಲಿ, ಅಕ್ಕನ ಮಾತು ಸುಳ್ಳಲ್ಲ ಅಂತ ಆಗಬೇಕಿತ್ತು ಅವಳಿಗೆ. ಇದನ್ನು ಅವಳೇ ಮನೆಯಲ್ಲಿ ನಮಗೆ ಹೇಳಿದ್ದು.

"ಈ ಅಂಕಿ ಯಾಕೆ ಕಳೆದ್ರಿ?" ಅಂತ ಡಾಕ್ಟರು ಕೇಳಿದರಂತೆ.

"ನೆಲ ಸೊಟ್ಟ ಇದೆ ಅಂದ್ಕೊಂಡೆ ಸರ್."

"ಯಾಕೆ ಹಾಗಂದ್ಕೊಂಡ್ರಿ?"

"ನಮ್ಮಕ್ಕ ಸೊಟ್ಟ ಇರೋಕೆ ಸಾಧ್ಯ ಇರಲಿಲ್ಲ."

ಡಾಕ್ಟರು ಮೀಸೆ ತಿರುವುತ್ತಾ ಪರದೆ ನೋಡಿದರಂತೆ. "ನಾನೂ ಕಣ್ಣಿಂದ ನೋಡೋದು ಬಿಟ್ಟು ಗೆರೆ ನೋಡ್ತಾ ಕೂತಿದ್ದೆ" ಅಂದರು. ಆಮೇಲೆ, "ಎಲ್ಲರ ನಡಿಗೆಯನ್ನೂ ಮತ್ತೆ ಲೆಕ್ಕ ಹಾಕಿ. ಮೊದಲು ಅಕ್ಕನ್ನ ಕರ್ಕೊಂಡು ಬನ್ನಿ, ನಿಂತಿರೋ ಹಾಗೇ ಎಕ್ಸ್‌ರೇ ತೆಗೀಬೇಕು." ಹಿಂದಿನದನ್ನು ಮಲಗಿಸಿ ತೆಗೆದಿದ್ದರು; ಮಲಗಿದವರ ಸೊಂಟ ವಾಲುವುದಿಲ್ಲ.

ಲೆಕ್ಕ ಹಾಕಿದ್ದಾಯಿತು. ಊರಿಗೆ ಊರೇ ನೆಟ್ಟಗಾಯಿತು. ಸೊಟ್ಟಗಾದವಳು ಅಮ್ಮ ಒಬ್ಬಳೇ. ಸುದ್ದಿ ತಿಳಿದ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬುಡದಿಂದಲೇ ಕೂಗಿದಳು.

"ಅಯ್ಯೋ ನಿನ್ನ ಲೆಕ್ಕಕ್ಕಿಷ್ಟು. ಹಾಗಾದ್ರೆ ನಾನು ಇಷ್ಟು ವರ್ಷ ಬಲಕ್ಕೆ ವಾಲಿಕೊಂಡು ನಡೆದಿದ್ದು?"

"ಅದು ವ್ಯಾಯಾಮ ಅಜ್ಜೀ" ಅಂದಳು ಚಿಕ್ಕಮ್ಮ.

ಅಮ್ಮನಿಗೆ ಹೇಳುವಾಗ ಮಾತ್ರ ನಗೆ ಇರಲಿಲ್ಲ. ಚಿಕ್ಕಮ್ಮ ಅವಳ ಕಾಲ ಬಳಿ ಕೂತು ತಲೆ ತಗ್ಗಿಸಿ ಹೇಳಿದಳು. ಅಮ್ಮ ಪೂರ್ತಿ ಕೇಳಿ, "ಇಷ್ಟಕ್ಕೆ ಯಂತ್ರ ಬೇಕಿತ್ತಾ? ನನ್ನ ಲಂಗನ ಕೇಳಿದ್ರೆ ಹೇಳ್ತಿತ್ತು" ಅಂದಳು. ತಂಗಿಯ ತಲೆಯ ಮೇಲೆ ಕೈ ಇಟ್ಟಳು. ಕೋಪ ಎಲ್ಲಿ ಹೋಯಿತೋ.

"ಅಕ್ಕ, ನನ್ನ ಹೊತ್ತೂ ಹೊತ್ತೂ ಹೀಗಾಯ್ತಾ?"

"ಡಾಕ್ಟರು ಏನಂದ್ರು?"

"ಹುಟ್ಟಿನಿಂದಲೇ ನಿನ್ನ ಬಲಗಾಲು ಒಂಚೂರು ಗಿಡ್ಡ ಇದೆ ಅಂದ್ರು."

"ಹಾಗಾದ್ರೆ ಹಾಗೇ."

"ನೀನು ಏನಂತೀಯ?"

"ನಿನ್ನ ಮೈ ಏನೂ ಭಾರ ಇರಲಿಲ್ಲ. ಹಟ ಭಾರ ಇತ್ತು." ಅಮ್ಮ ನಕ್ಕಳು. ಚಿಕ್ಕಮ್ಮ ನಗಲಿಲ್ಲ. ಡಾಕ್ಟರ ಮಾತನ್ನು ಅವಳು ಕೊನೆಯವರೆಗೂ ಪೂರ್ತಿ ನಂಬಲಿಲ್ಲ ಅಂತ ನನ್ನ ಅನಿಸಿಕೆ.

ನಿಂತು ತೆಗೆದ ಎಕ್ಸ್‌ರೇಯಲ್ಲಿ ಸವೆತ ಹೆಚ್ಚೇ ಕಂಡಿದ್ದರಿಂದ ಶಸ್ತ್ರಚಿಕಿತ್ಸೆ ಆಯಿತು. ಸವೆದ ಕೀಲು ತೆಗೆದು ಹೊಸದನ್ನು ಕೂರಿಸಿ, ಕಾಲೆರಡನ್ನೂ ಸಮ ಮಾಡಿದರು. ಅಪ್ಪ ಲಾರಿ ಬಿಟ್ಟು ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಅಷ್ಟು ದಿನ ಅವನು ಒಂದೇ ಕಡೆ ಇದ್ದದ್ದು ನಾನು ನೋಡಿರಲಿಲ್ಲ. ಅಮ್ಮ ಎದ್ದು ನಡೆಯತೊಡಗಿದ ಮೇಲೆ ಒಂದು ಹೊಸ ಪೇಚು ಬಂತು: ಲಂಗಗಳೆಲ್ಲ ಈಗ ಬಲಗಡೆ ಮೇಲೆದ್ದು ನಿಂತವು. ಅಮ್ಮ ಹಾಸಿಗೆಯ ಮೇಲೆ ಕೂತು ಒಂದೊಂದರ ಅಂಚನ್ನೂ ಬಿಚ್ಚಿದಳು. "ಯಾವ ಕಾಲದ ಮಡಿಕೆ ಇದು" ಅನ್ನುತ್ತಾ ಒಳಗೆ ಬಣ್ಣ ಮಾಸದೆ ಉಳಿದಿದ್ದ ಪಟ್ಟಿಯನ್ನು ಬೆರಳಿಂದ ಸವರಿ ನೋಡುತ್ತಿದ್ದಳು.

ಆದರೆ ಮೆಟ್ಟಿಲು ಇನ್ನು ಬೇಡ ಅಂದರು ಡಾಕ್ಟರು. ಎರಡು ಬೀದಿ ಆಚೆ ನೆಲದ ಮಟ್ಟದ ಮನೆ ಸಿಕ್ಕಿತು. ಮಹಡಿ ಮನೆ ಬಿಡುವ ದಿನ ಸಾಮಾನೆಲ್ಲ ಮುಂಚೆಯೇ ಹೋಗಿತ್ತು. ಅಪ್ಪ ಅಮ್ಮನನ್ನು ಮೆಲ್ಲಗೆ ಇಳಿಸಿಕೊಂಡು ಬಂದ. ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆಗಳು ಒಂದೇ ಸಮ ಕೇಳಿದವು, ಟುಕ್, ಟುಕ್, ಟುಕ್, ಯಾರೋ ಹೊಸಬರು ಇಳಿದು ಬಂದ ಹಾಗೆ. ಕೆಳಗೆ ಬೀದಿಯಲ್ಲಿ ಅವಳು ಗೋಡೆ ಹಿಡಿಯದೆ, ನೆಟ್ಟಗೆ ನಿಂತಳು. ಅಜ್ಜಿ ತನ್ನ ಬಾಗಿಲಲ್ಲಿ ನಿಂತು, "ಇನ್ನು ಮೇಲಿಂದ ಯಾರೂ ನನ್ನ ಚಪ್ಪಲಿ ನೋಡಲ್ಲ ಬಿಡು" ಅಂದಳು.

ಕೊನೆಗೆ ಒಳಗೆ ಉಳಿದದ್ದು ಚಿಕ್ಕಮ್ಮ ಒಬ್ಬಳು. ಕಿಟಕಿ ಹಾಕಿದ ಸದ್ದು, ಬಾಲ್ಕನಿ ಬಾಗಿಲ ಚಿಲಕದ ಸದ್ದು, ಬೀಗದ ಸದ್ದು, ಒಂದಾದ ಮೇಲೆ ಒಂದು ಕೇಳಿದವು. ತೆರೆದದ್ದನ್ನೆಲ್ಲ ಮುಚ್ಚಿದಳು.

ಆಮೇಲೆ ಮೆಟ್ಟಿಲ ಮೇಲೆ ಆ ಸದ್ದು ಬಂತು. ದಪ್, ಟುಕ್. ದಪ್, ಟುಕ್.

ನಾನು ಗಾಬರಿಯಿಂದ ಅಮ್ಮನ ಕಡೆ ನೋಡಿದೆ. ಅಮ್ಮ ನನ್ನ ಪಕ್ಕದಲ್ಲೇ ಇದ್ದಳು. ಅವಳೂ ಮೇಲೆ ನೋಡುತ್ತಿದ್ದಳು. ಇಕ್ಕಟ್ಟು ಮೆಟ್ಟಿಲ ಕತ್ತಲಿಂದ ಚಿಕ್ಕಮ್ಮ ಇಳಿದು ಬಂದಳು. ಹೊಲಿಗೆ ಯಂತ್ರದ ಕಬ್ಬಿಣದ ತಲೆಯನ್ನು ಹಳೆಯ ಲಂಗವೊಂದರಲ್ಲಿ ಸುತ್ತಿ, ಯಾರ ಕೈಗೂ ಕೊಡದೆ, ಎಡ ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಭಾರಕ್ಕೆ ಎಡ ಸೊಂಟ ಮೇಲೆದ್ದು ಮೈಯೆಲ್ಲ ವಾಲಿತ್ತು. ಹೊಸ್ತಿಲು ದಾಟಿ ಬೀದಿಗೆ ಕಾಲಿಟ್ಟಳು. ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಕೆಳಗಿಡೇ ಅದನ್ನ" ಅಂದಳು ಅಮ್ಮ. "ಸೊಟ್ಟಗಾಗ್ತೀಯ."

"ಆಗ್ಲಿ ಬಿಡು" ಅಂದು ಚಿಕ್ಕಮ್ಮ ಮುಂದೆ ನಡೆದಳು.